ಕಪಿಲಾ–ಕಾವೇರಿ ಸೀಮೆಯ ಪ್ರಾಕ್ತನ ವಾಯುಗುಣ

ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲೂ ಅವುಗಳಿಗೆ ನೀರು ಹರಿಸುವ ಕಪಿಲಾ (ಕಬಿನಿ) ಜಲಾನಯನದಲ್ಲೂ ಮಳೆಮಾಪಕ ಬರುವುದಕ್ಕೆ ಮೊದಲು ಆಗಿಹೋದ ಮಳೆ, ಬರಗಳ ಏರಿಳಿತ. ಧ್ರುವಪ್ರದೇಶಗಳಲ್ಲಿ ಇಂಥ ಚರಿತ್ರೆ ಮಂಜುಗಡ್ಡೆಯಲ್ಲಿ ಪದರಪದರವಾಗಿ ಉಳಿದಿದೆ. ಈ ಸೀಮೆಯಲ್ಲಾದರೆ ಅದನ್ನು ಹೊಲದ ಸುಣ್ಣಕಲ್ಲು, ನೀಲಗಿರಿಯ ಜೌಗುಮಣ್ಣು, ಅಗೆದು ತೆಗೆದ ಹಳೆಯ ನೆಲೆಗಳಿಂದ ಹೆಕ್ಕಬೇಕು. ಹಾಗೆ ಹೆಕ್ಕಿದ್ದನ್ನು ಹೋಲಿಸಿ ನೋಡುವ ಕಾಲಮಾನ ಮಾತ್ರ ಬಹುಮಟ್ಟಿಗೆ ಧ್ರುವದ ಹಿಮದಿಂದಲೇ ಬಂದದ್ದು.

ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಗಳಲ್ಲಿ ಬಿದ್ದ ಹಿಮ ಕರಗದೆ, ಮೇಲಿನ ವರ್ಷಗಳ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಅದನ್ನು ಪುಡಿಯಾಗದಂತೆ ಉರುಳೆಯಾಗಿ ಕೊರೆದು ತೆಗೆದದ್ದೇ ಐಸ್ ಕೋರ್. ಹಿಮದಲ್ಲಿ ಆಮ್ಲಜನಕದ ಭಾರವಾದ ಐಸೊಟೋಪಿನ ಪಾಲು ತಗ್ಗಿದ್ದರೆ ಆ ಕಾಲ ಹೆಚ್ಚು ಚಳಿಯದ್ದು ಎಂದು ಲೆಕ್ಕ. ಈ ದಾರಿ ತೋರಿಸಿದವರು ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್. ಗಡ್ಡೆಯೊಳಗಿನ ಗುಳ್ಳೆಗಳಲ್ಲಿ ಅಂದಿನ ಗಾಳಿಯೇ ಸಿಗುತ್ತದೆ. ಅಂಟಾರ್ಕ್ಟಿಕದ ಡೋಮ್ ಸಿ ಕೋರ್ 8 ಲಕ್ಷ ವರ್ಷ ಹಿಂದಕ್ಕೆ ಹೋಗುತ್ತದೆ. ಅಷ್ಟೂ ಕಾಲ ಇಂಗಾಲದ ಡೈಆಕ್ಸೈಡು ದಶಲಕ್ಷಕ್ಕೆ ಸುಮಾರು 180ರಿಂದ 300 ಭಾಗಗಳ ನಡುವೆ ಓಲಾಡಿತ್ತು. ಈಗ 420 ದಾಟಿದೆ. ಭಾರತದ ಕೋರ್‌ಗಳ ಅಧ್ಯಯನ ನಡೆಯುವುದು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರದಲ್ಲಿ.

ನಾವಿರುವ ಹಾಲೊಸೀನ್ ಯುಗವನ್ನು 2018ರಲ್ಲಿ ಅಧಿಕೃತವಾಗಿ ಮೂರು ಘಟ್ಟಗಳಾಗಿ ವಿಂಗಡಿಸಲಾಯಿತು. ಮೊದಲೆರಡರ ಗಡಿಗಳನ್ನು, ಅಂದರೆ ಸುಮಾರು 11,700 ಮತ್ತು 8,200 ವರ್ಷಗಳ ಹಿಂದಿನವನ್ನು, ಗುರುತಿಸಿದ್ದು ಗ್ರೀನ್‌ಲ್ಯಾಂಡಿನ ಐಸ್ ಕೋರ್‌ಗಳಲ್ಲಿ. ಸುಮಾರು 4,200 ವರ್ಷ ಹಿಂದಿನ ಮೂರನೆಯದನ್ನು ಮೇಘಾಲಯದ ಮಾಮ್ಲು ಗುಹೆಯ ಸುಣ್ಣದ ಶಿಲೆಯಲ್ಲಿ ಗುರುತಿಸಲಾಗಿದೆ. ಅದು ಮುಂಗಾರು ಸೊರಗಿದ ಕಾಲ. ತಿರುಮಕೂಡಲಿನ ಕಪಿಲಾ–ಕಾವೇರಿ ಸಂಗಮದ ಬಳಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಉತ್ಖನನ ಮಾಡಿ 1971ರಲ್ಲಿ ವರದಿ ಪ್ರಕಟಿಸಿದ ನವಶಿಲಾಯುಗದ ನೆಲೆ ಈ ಮೂರನೆಯ ಘಟ್ಟಕ್ಕೆ ಸೇರುತ್ತದೆ. ಮಳೆ ಕುಗ್ಗಿದ್ದಕ್ಕೇ ಜನ ಹೊಳೆದಂಡೆಗೆ ಬಂದರು ಎಂದುಬಿಡುವುದು ಸುಲಭ. ಆದರೆ ಕಾಲ ಹೊಂದಿತು ಎಂದಮಾತ್ರಕ್ಕೆ ಕಾರಣ ಸಿಕ್ಕಂತಾಗುವುದಿಲ್ಲ.

ದಕ್ಷಿಣದ ಬೆಟ್ಟಸೀಮೆಯ ದಾಖಲೆ ನೀಲಗಿರಿಯದು. ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಅಲ್ಲಿನ ಕಣಿವೆಗಳಲ್ಲಿ ಕೊಳೆತ ಸಸ್ಯರಾಶಿ ಸಾವಿರಾರು ವರ್ಷಗಳಿಂದ ಜೌಗಿನಲ್ಲಿ ಕೂಡಿಕೊಂಡಿದೆ. ತೇವ ಹೆಚ್ಚಿದಾಗ ಬೆಳೆಯುವ ಗಿಡಮರಗಳಿಗೂ ಒಣಗಾಲಕ್ಕೆ ಒಗ್ಗುವ ಹುಲ್ಲುಗಳಿಗೂ ಇಂಗಾಲ-13ರ ಪಾಲು ಬೇರೆಬೇರೆ. ಇದನ್ನೇ ಅಳೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸುಮಾರು 20,000 ವರ್ಷಗಳ ಚಿತ್ರ ಕೊಟ್ಟರು: ಹಿಮಯುಗ ತೀವ್ರವಾಗಿದ್ದಾಗ ಇಲ್ಲಿ ಒಣಹವೆ, ಹಾಲೊಸೀನ್ ಆರಂಭದಲ್ಲಿ ಒಳ್ಳೆಯ ಮಳೆ, ನಡುವೆ ಮತ್ತೆ ಒಣಕಾಲ. ಧ್ರುವದಲ್ಲಿ ಚಳಿ ಬಿಗಿದಾಗ ನೀಲಗಿರಿಯಲ್ಲಿ ಮಳೆ ಹಿಂಗಿತ್ತು.

ಬಯಲಿನ ದಾಖಲೆ ರೈತರ ನೇಗಿಲಿಗೆ ದಿನವೂ ತಗಲುವಂಥದ್ದು. ಕಪ್ಪುಮಣ್ಣಿನ ಹೊಲದಲ್ಲಿ ಬೂದುಬಿಳಿ ಬಣ್ಣದ, ಗಂಟುಗಂಟಾದ ಸುಣ್ಣಕಲ್ಲಿನ ಹರಳುಗಳು ಏಳುತ್ತವೆ. ಒಂದನ್ನು ಜಜ್ಜಿ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಬರುತ್ತದೆ. ಮಳೆ ಧಾರಾಳವಾಗಿದ್ದರೆ ಸುಣ್ಣ ಕರಗಿ ಕೆಳಗಿಳಿದು ಹೊಳೆ ಸೇರುತ್ತದೆ, ಕಡಿಮೆಯಿದ್ದರೆ ಮಣ್ಣಿನಲ್ಲೇ ಹರಳುಗಟ್ಟುತ್ತದೆ. ಕಬಿನಿ ಜಲಾನಯನ ಇದಕ್ಕೆ ಹೇಳಿಮಾಡಿಸಿದ ಜಾಗ: ವಯನಾಡಿನ ಅಂಚಿನಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮೀರುವ ಮಳೆ, ಗುಂಡ್ಲುಪೇಟೆ, ನಂಜನಗೂಡಿನ ಬಯಲಿಗೆ ಬರುವಷ್ಟರಲ್ಲಿ 700–800ಕ್ಕೆ ಇಳಿಯುತ್ತದೆ. ಬಂಡೀಪುರದ ಮೂಲೆಹೊಳೆಯಲ್ಲಿ ನೀರು, ಮಣ್ಣುಗಳನ್ನು ವರ್ಷಾನುಗಟ್ಟಲೆ ಗಮನಿಸುತ್ತ ಬಂದಿರುವ ಭಾರತ–ಫ್ರಾನ್ಸ್ ವಿಜ್ಞಾನಿಗಳ ಬಳಗ ಈ ಭಾಗದ ಹರಳುಗಳನ್ನು ಯುರೇನಿಯಂ–ಥೋರಿಯಂ, ಸ್ಟ್ರಾನ್ಷಿಯಂ ಐಸೊಟೋಪುಗಳ ಮೂಲಕ ಪರೀಕ್ಷಿಸಿ, ಹಳೆಯ ಮುಂಗಾರಿನೊಂದಿಗೆ ಅವುಗಳ ನಂಟನ್ನು 2010ರಲ್ಲಿ ವಿವರಿಸಿತು. ಐಸ್ ಕೋರಿನಂತೆ ವರ್ಷದ ಲೆಕ್ಕ ಇಲ್ಲಿ ಸಿಗದು. ಒಂದೇ ಹರಳಿನ ತಿರುಳು ಹಳೆಯದು, ಸಿಪ್ಪೆ ಹೊಸದು ಆಗಿರಬಹುದು.

ಕಾವೇರಿ ದಂಡೆಯ ತಲಕಾಡಿನ ಮರಳುದಿಬ್ಬಗಳನ್ನು ವಾಯುಗುಣದ ಖಾತೆಗೆ ಹಾಕುವ ಮುನ್ನ ಯೋಚಿಸಬೇಕು. ಪಾತಾಳೇಶ್ವರನ ಗುಡಿಗೆ ಇಂದಿಗೂ ಮರಳಿನ ನಡುವೆ ಮೆಟ್ಟಿಲಿಳಿದೇ ಹೋಗಬೇಕು. ಜನರ ಬಾಯಲ್ಲಿ ಇದು ತಲಕಾಡು ಮರಳಾಗಲೆಂದು ಅಲಮೇಲಮ್ಮ ಕೊಟ್ಟ ಶಾಪ. ಹದಿನಾಲ್ಕನೆಯ ಶತಮಾನದಲ್ಲಿ ಮೇಲ್ದಂಡೆಯಲ್ಲಿ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ಕಾವೇರಿಯ ಪಾತ್ರದಲ್ಲಿ ಮರಳು ಬಯಲಾಗಿ, ಮುಂಗಾರಿನ ಗಾಳಿ ಅದನ್ನು ಊರ ಮೇಲೆ ತಂದು ಸುರಿಯಿತು ಎಂಬ ವಿವರಣೆಯೂ ಇದೆ. ಕೃಷಿವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಇದನ್ನು ಪ್ರತಿಪಾದಿಸಿದ್ದಾರೆ. ಶಾಪಕ್ಕಿಂತಲೂ ಬರಕ್ಕಿಂತಲೂ ಇದೇ ಹೆಚ್ಚು ನಂಬುವಂತಿದೆ.

ಈ ಸೀಮೆಗೂ ಧ್ರುವಕ್ಕೂ ಇನ್ನೊಂದು ಕೊಂಡಿ ಮೀಥೇನ್ ಅನಿಲ. ನೀರು ನಿಂತ ಜೌಗಿನಿಂದಲೂ ಭತ್ತದ ಗದ್ದೆಯಿಂದಲೂ ಅದು ಏಳುತ್ತದೆ; ಇಲ್ಲಿನ ಹುಲ್ಲಹಳ್ಳಿ, ರಾಂಪುರ ನಾಲೆಗಳ ಬಯಲಿನದೂ ಅದರಲ್ಲಿ ಸೇರಿದೆ. ಗಾಳಿಯಲ್ಲಿ ಬೆರೆತು ಅಂಟಾರ್ಕ್ಟಿಕದ ಹಿಮದ ಗುಳ್ಳೆಗಳಿಗೂ ತಲುಪುವುದರಿಂದ, ಕೋರ್‌ಗಳಲ್ಲಿ ಮೀಥೇನ್ ಏರಿಳಿದಿರುವುದು ಉಷ್ಣವಲಯದ ಮಳೆಯ ಏರಿಳಿತಕ್ಕೂ ಸಾಕ್ಷಿ. ಸುಮಾರು 5,000 ವರ್ಷಗಳಿಂದೀಚೆ ಅದು ಏರತೊಡಗಿತು. ಏಷ್ಯದ ಭತ್ತದ ಬೇಸಾಯವೇ ಕಾರಣ ಎಂದು ಅಮೆರಿಕದ ವಿಲಿಯಂ ರಡಿಮನ್ 2003ರಲ್ಲಿ ವಾದಿಸಿದರು. ದಕ್ಷಿಣಾರ್ಧಗೋಳದ ಜೌಗುಗಳು ಹಿಗ್ಗಿದ್ದೇ ಸಾಕು, ಗದ್ದೆಗಳನ್ನು ಎಳೆದು ತರಬೇಕಿಲ್ಲ ಎನ್ನುವವರೂ ಇದ್ದಾರೆ.