ಪಂಪನು ಕಂಡ ವೀರ

ರಾಜರಾಜೇಶ್ವರನ ದರ್ಶನಕ್ಕೆಂದು ಹೈದರಾಬಾದಿನಿಂದ ವೇಮುಲವಾಡಕ್ಕೆ ಹೋಗಿಬರುವವರು ನಮ್ಮಲ್ಲಿ ಅನೇಕರಿದ್ದಾರೆ. ಹತ್ತನೆಯ ಶತಮಾನದಲ್ಲಿ ಅದೇ ಊರಿನ ಚಾಲುಕ್ಯ ಅರಸರ ಆಶ್ರಯದಲ್ಲಿ ಪಂಪ ಮಹಾಕವಿ ಇದ್ದನೆಂಬುದು ಎಷ್ಟು ಜನರಿಗೆ ನೆನಪಾಗುತ್ತದೆಯೋ! ಕ್ರಿ.ಶ. 902ರಲ್ಲಿ ಹುಟ್ಟಿದ ಪಂಪನ ಪೂರ್ವಿಕರು ವೆಂಗಿನಾಡಿನವರು. ಅವನ ತಮ್ಮ ಜಿನವಲ್ಲಭನು ಕರೀಂನಗರದ ಕಡೆಯ ಕುರ್ಕ್ಯಾಲದ ಬೆಟ್ಟದಲ್ಲಿ ಬರೆಸಿದ ಶಾಸನದಲ್ಲಿ ಕನ್ನಡ, ಸಂಸ್ಕೃತ, ತೆಲುಗು ಮೂರೂ ಇವೆ. ಮಕ್ಕಳ ಮಾತಿನಲ್ಲಿ ಭಾಷೆಗಳು ಬೆರೆಯುತ್ತವೆಂದು ಕೊರಗುವ ನಮಗೆ ಇದೊಂದು ಸಮಾಧಾನ.

ಪಂಪನ ಒಡೆಯ ಇಮ್ಮಡಿ ಅರಿಕೇಸರಿ. ಅವನನ್ನು ಅರ್ಜುನನೊಡನೆ ಒಂದುಮಾಡಿ ಕವಿಯು 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದನು. ಒಡೆಯನಿಗೆ ಒಪ್ಪುವಂತೆ ಕಥೆಯನ್ನೇ ತಿದ್ದಿದನು. ಇಲ್ಲಿ ದ್ರೌಪದಿ ಅರ್ಜುನನೊಬ್ಬನಿಗೇ ಹೆಂಡತಿ. ಕೊನೆಗೆ ಪಟ್ಟವಾಗುವುದೂ ಧರ್ಮರಾಯನಿಗಲ್ಲ, ಅರ್ಜುನನಿಗೆ. ಇಂಥ ನಾಯಕನಲ್ಲಿ ಗುಣಗಳಿಗೇನೂ ಕೊರತೆಯಿಲ್ಲ. ಆದರೂ ಕಾವ್ಯವನ್ನು ಮುಗಿಸಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿಯುವವನು ಕರ್ಣ.

ಕೃಷ್ಣನು ಬಂದು ಜನ್ಮದ ಗುಟ್ಟನ್ನು ಹೇಳಿ ರಾಜ್ಯದ ಆಸೆ ತೋರಿಸಿದನು. ಕುಂತಿಯೂ ಬಂದು ಬೇಡಿದಳು. ಮುಂದಿರುವ ಕೇಡು ಕರ್ಣನಿಗೆ ಕಾಣದೆ ಇರಲಿಲ್ಲ. ಆದರೆ ತುಂಬಿದ ನೆರವಿಯಲ್ಲಿ ತನ್ನ ಕುಲವನ್ನು ಹೀಯಾಳಿಸಿದ ದಿನ ಕೈಹಿಡಿದವನು ದುರ್ಯೋಧನನಲ್ಲವೇ? ಅವನನ್ನು ಈಗ ಬಿಡುವುದು ಹೇಗೆ? ಹಳಗನ್ನಡದಲ್ಲಿ 'ಜೋಳದ ಪಾಳಿ' ಎಂಬ ಮಾತಿದೆ. ಉಂಡ ಜೋಳದ ಋಣವನ್ನು ರಣದಲ್ಲಿ ತೀರಿಸಬೇಕೆಂಬ ಕಟ್ಟುಪಾಡು ಅದು. ಸರಕಾರದ ಜೋಳ ಉಣ್ಣುವ ನಮ್ಮಂಥ ಗುಮಾಸ್ತರಿಗೆ ಈ ಮಾತು ತುಸು ಚುಚ್ಚುತ್ತದೆ, ಇರಲಿ.

ಹಾಗೆಂದು ಪಂಪನು ಕರ್ಣನ ದೋಷಗಳನ್ನು ಮುಚ್ಚಿಟ್ಟಿಲ್ಲ. ಭೀಷ್ಮನಿಗೆ ಸೇನಾಧಿಪತ್ಯ ದೊರೆತಾಗ ಆ ಮುದುಕನ ಮುಪ್ಪನ್ನು ಹಂಗಿಸಿದವನು ಕರ್ಣನೇ. ಮುಂದೆ ಶರಶಯ್ಯೆಯ ಬಳಿಗೆ ಹೋಗಿ ಪಾದಕ್ಕೆರಗಿದವನೂ ಅವನೇ. ಬಿಲ್ಲುಗಾರಿಕೆಯಷ್ಟೇ ಈ ಬಾಗುವಿಕೆಯೂ ವೀರನ ಲಕ್ಷಣವೆಂದು ಕವಿ ಎಣಿಸಿರಬೇಕೆಂದು ನಮಗೆ ತೋರುತ್ತದೆ.

ಎದುರು ಪಕ್ಷದವನನ್ನು ಹೀಗೆ ಎತ್ತಿಹಿಡಿದದ್ದಕ್ಕೆ ಅರಿಕೇಸರಿ ಮುನಿಯಲಿಲ್ಲವೇ? ಮುನಿದಂತೆ ಕಾಣದು, ಕವಿಗೆ ಧರ್ಮಪುರವೆಂಬ ಅಗ್ರಹಾರ ದೊರೆಯಿತು. ರಾಷ್ಟ್ರಕೂಟ ಚಕ್ರವರ್ತಿ ನಾಲ್ಮಡಿ ಗೋವಿಂದನ ಕೋಪಕ್ಕೆ ಗುರಿಯಾದ ವಿಜಯಾದಿತ್ಯನು ಮೊರೆಹೊಕ್ಕಾಗ ಅವನನ್ನು ಒಪ್ಪಿಸದೆ ಕಾಪಾಡಿದವನು ಈ ಅರಿಕೇಸರಿ. ಸಾಮಂತನೊಬ್ಬ ಚಕ್ರವರ್ತಿಯನ್ನು ಎದುರುಹಾಕಿಕೊಳ್ಳುವುದು ಸಣ್ಣ ಮಾತಲ್ಲ. ಪಂಪನು ಆ ಸಂಗತಿಯನ್ನೂ ಕಾವ್ಯದಲ್ಲಿ ಸೇರಿಸಿದ್ದಾನೆ. ಅದನ್ನು ಕೇಳಿದ ಆಸ್ಥಾನದವರು ಅರ್ಜುನನನ್ನು ನೆನೆದರೋ, ಕರ್ಣನನ್ನೋ!