ಕುಡಿಯುವವರ ಊಟ ಮತ್ತು ಥಯಮಿನ್ ಕೊರತೆ: ಒಂದು ಟಿಪ್ಪಣಿ

ಕುಡಿತದ ಹಾನಿ ಎಂದಕೂಡಲೇ ಎಲ್ಲರಿಗೂ ಲಿವರ್ ನೆನಪಾಗುತ್ತದೆ. ಅದು ಸಹಜವೇ. ಆದರೆ ವರ್ಷಗಟ್ಟಲೆ ಕುಡಿದವರ ಮಿದುಳಿಗೆ ಕೆಲವೇ ದಿನಗಳಲ್ಲಿ ತಟ್ಟುವ ಒಂದು ಕಾಯಿಲೆಯ ಮೂಲ ಅವರ ಊಟದ ತಟ್ಟೆಯಲ್ಲಿದೆ. ಅದರತ್ತ ನಮ್ಮ ಗಮನ ಹೋಗಿರುವುದು ಬಹಳ ಕಡಿಮೆ.

1881ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಮೂವರು ರೋಗಿಗಳ ವಿವರ ಬರೆದ. ಮೂವರಿಗೂ ಕಣ್ಣುಗುಡ್ಡೆ ಸರಿಯಾಗಿ ಹೊರಳುತ್ತಿರಲಿಲ್ಲ, ನಡಿಗೆ ತೂರಾಡುತ್ತಿತ್ತು, ಬುದ್ಧಿ ಮಂಕಾಗಿತ್ತು. ಇಬ್ಬರು ವಿಪರೀತ ಕುಡಿಯುತ್ತಿದ್ದ ಗಂಡಸರು. ಮೂರನೆಯವಳು ಸಲ್ಫ್ಯೂರಿಕ್ ಆಮ್ಲ ಕುಡಿದು, ಅದರಿಂದ ವಾಂತಿ ನಿಲ್ಲದೆ ಒದ್ದಾಡಿದ ಯುವತಿ. ಹೊಟ್ಟೆಯಲ್ಲಿ ಅನ್ನ ನಿಲ್ಲದ ಈ ಹೆಣ್ಣುಮಗಳು ಮತ್ತು ಕುಡುಕರು ಒಂದೇ ಸಾಲಿನಲ್ಲಿ ನಿಂತದ್ದು ಏಕೆಂದು ಆಗ ತಿಳಿಯುವಂತಿರಲಿಲ್ಲ, ವಿಟಮಿನ್ ಎಂಬ ಕಲ್ಪನೆಯೇ ಹುಟ್ಟಿರಲಿಲ್ಲ. ಉತ್ತರ ಗಟ್ಟಿಯಾದದ್ದು ಎರಡನೇ ಮಹಾಯುದ್ಧದಲ್ಲಿ. ಜಪಾನಿಯರ ವಶದಲ್ಲಿದ್ದ ಸಿಂಗಾಪುರದ ಯುದ್ಧಕೈದಿಗಳು ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದು ಬದುಕಬೇಕಿತ್ತು. ಅವರ ಆಸ್ಪತ್ರೆಯಲ್ಲಿ ಕಂಡ ಇದೇ ಕಾಯಿಲೆಯ 52 ಪ್ರಕರಣಗಳನ್ನು ಡಿ ವಾರ್ಡನರ್ ಮತ್ತು ಲೆನಾಕ್ಸ್ 1947ರಲ್ಲಿ ಪ್ರಕಟಿಸಿದರು. ಕುಡಿಯಲು ಅಲ್ಲಿ ಮದ್ಯವೇ ಇರಲಿಲ್ಲ. ಇಲ್ಲದೇ ಹೋದದ್ದು ಥಯಮಿನ್, ಅಂದರೆ ವಿಟಮಿನ್ ಬಿ1.

ಅನ್ನ, ಮುದ್ದೆ, ಸಕ್ಕರೆಗಳಿಂದ ಬರುವ ಗ್ಲೂಕೋಸನ್ನು ಶಕ್ತಿಯಾಗಿ ಮಾರ್ಪಡಿಸಲು ಜೀವಕೋಶಕ್ಕೆ ಥಯಮಿನ್ ಬೇಕೇ ಬೇಕು. ಗ್ಲೂಕೋಸನ್ನೇ ನಂಬಿಕೊಂಡಿರುವ ಮಿದುಳಿಗೆ ಇದರ ಕೊರತೆ ಬೇಗ ತಟ್ಟುತ್ತದೆ. ದೇಹದಲ್ಲಿರುವ ದಾಸ್ತಾನು ಹೆಚ್ಚೆಂದರೆ 30 ಮಿಲಿಗ್ರಾಂ. ಹೊಸದಾಗಿ ಬಾರದಿದ್ದರೆ ಕೆಲವು ವಾರಗಳಲ್ಲಿ ಬರಿದಾಗುತ್ತದೆ. ಆಲ್ಕೋಹಾಲ್ ಇದಕ್ಕೆ ನಾಲ್ಕು ಕಡೆಯಿಂದ ಅಡ್ಡ ಬರುತ್ತದೆ. ಊಟದ ಜಾಗವನ್ನು ತಾನು ಹಿಡಿಯುತ್ತದೆ, ಕರುಳಿನ ಹೀರಿಕೆ ತಗ್ಗಿಸುತ್ತದೆ, ಹಾಳಾದ ಲಿವರಿನಲ್ಲಿ ದಾಸ್ತಾನು ನಿಲ್ಲಗೊಡುವುದಿಲ್ಲ. ಜೊತೆಗೆ ಮೂತ್ರದಲ್ಲಿ ಮೆಗ್ನೀಸಿಯಂ ಸೋರಿಹೋಗುವಂತೆ ಮಾಡುತ್ತದೆ. ಅದು ಸಾಲದೇ ಹೋದರೆ ಇರುವ ಥಯಮಿನ್ ಕೂಡ ಕೆಲಸಕ್ಕೆ ಬರುವುದಿಲ್ಲ. ಫೋಲೇಟ್, ಸತು, ವಿಟಮಿನ್ ಎಗಳೂ ಕುಡಿಯುವವರಲ್ಲಿ ಕುಗ್ಗುತ್ತವೆ, ಆದರೆ ಥಯಮಿನ್‌ನಷ್ಟು ಅವಸರದ ಅಪಾಯ ಅವುಗಳಲ್ಲಿಲ್ಲ.

ಊಟದ ಜಾಗ ಹಿಡಿಯುವುದೆಂದರೆ ಎಷ್ಟು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಪ್ಯಾಕೆಟ್ ಸಾರಾಯಿ ನಿಂತಮೇಲೆ ಕೂಲಿಯವರ ಕುಡಿತ ಬಹುಮಟ್ಟಿಗೆ ಅಗ್ಗದ ವಿಸ್ಕಿ, ಬ್ರಾಂಡಿಗಳತ್ತ ಹೊರಳಿತು. ಒಂದು ‘ನೈಂಟಿ’, ಅಂದರೆ 90 ಮಿ.ಲೀ. ಮದ್ಯದಲ್ಲಿ ಶೇ. 42.8ರ ಲೆಕ್ಕಕ್ಕೆ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಗ್ರಾಂಗೆ 7 ಕ್ಯಾಲೊರಿಯಂತೆ ಅದು 210 ಕ್ಯಾಲೊರಿ. ದಿನಕ್ಕೆ ಎರಡು ನೈಂಟಿ ಹಾಕುವವನಿಗೆ 420 ಕ್ಯಾಲೊರಿ ಸೇರುತ್ತದೆ, ಹಸಿವು ಅಷ್ಟರಮಟ್ಟಿಗೆ ಸಾಯುತ್ತದೆ. ಇಷ್ಟೇ ಕ್ಯಾಲೊರಿ ಸುಮಾರು 130 ಗ್ರಾಂ ರಾಗಿಹಿಟ್ಟಿನಿಂದ ಬಂದಿದ್ದರೆ ಅದರೊಂದಿಗೆ ಅರ್ಧ ಮಿಲಿಗ್ರಾಂನಷ್ಟು ಥಯಮಿನ್ ಸಿಗುತ್ತಿತ್ತು. ವಯಸ್ಕ ಗಂಡಸಿನ ದಿನದ ಅಗತ್ಯದಲ್ಲಿ ಅದು ಸುಮಾರು ಮೂರನೇ ಒಂದು ಪಾಲು. 400 ಮಿಲಿಗ್ರಾಂಗೂ ಮಿಕ್ಕಿದ ಕ್ಯಾಲ್ಸಿಯಂ ಬೇರೆ. ಮದ್ಯದಿಂದ ಇವೆರಡೂ ಸೊನ್ನೆ. ನೆಂಚಿಕೊಳ್ಳಲು ಉಪ್ಪಿನಕಾಯಿಯಷ್ಟೇ ಇದ್ದರೆ ಅಲ್ಲಿಂದಲೂ ಹೇಳಿಕೊಳ್ಳುವಂಥದ್ದೇನೂ ಸೇರುವುದಿಲ್ಲ. ಒಂದು ಹಿಡಿ ಕಡಲೆಕಾಯಿ ಇದ್ದರೆ ಎಷ್ಟೋ ವಾಸಿ. ರಾತ್ರಿ ಉಳಿದದ್ದು ಬಸಿದ ಬಿಳಿ ಅನ್ನವಾದರೆ, ಪಾಲಿಶ್‌ನಲ್ಲಿ ತವುಡಿನ ಜೊತೆ ಹೋಗದೆ ಉಳಿದ ಚೂರುಪಾರು ಬಿ1 ಕೂಡ ಗಂಜಿಯೊಂದಿಗೆ ಹೊರಟುಹೋಗಿರುತ್ತದೆ. ಕರಾವಳಿಯ ಕುಚ್ಚಲಕ್ಕಿ ಈ ವಿಷಯದಲ್ಲಿ ಮೇಲು. ಭತ್ತವನ್ನು ಬೇಯಿಸುವಾಗಲೇ ಹೊರಪದರದ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ.

ಈ ಕಾಯಿಲೆ ಕಣ್ಣುತಪ್ಪಿಸುವ ಬಗೆ ನನ್ನನ್ನು ಬಹಳ ಕಾಡುತ್ತದೆ. ಆಸ್ಟ್ರೇಲಿಯಾದ ಹಾರ್ಪರ್ ಮತ್ತು ಸಂಗಡಿಗರು 1986ರಲ್ಲಿ, ಮರಣೋತ್ತರ ಪರೀಕ್ಷೆಯಲ್ಲಿ ಪತ್ತೆಯಾದ 131 ಪ್ರಕರಣಗಳನ್ನು ಹಿಂದಿರುಗಿ ನೋಡಿದರು. ಬದುಕಿದ್ದಾಗ ರೋಗ ಗೊತ್ತಾಗಿದ್ದದ್ದು ಐವರಲ್ಲಿ ಒಬ್ಬರಿಗೆ ಮಾತ್ರ. ವೆರ್ನಿಕೆ ಹೇಳಿದ ಮೂರೂ ಲಕ್ಷಣಗಳು ಒಟ್ಟಿಗೆ ದಾಖಲಾಗಿದ್ದದ್ದು ಶೇ. 16ರಷ್ಟು ರೋಗಿಗಳಲ್ಲಿ. ತೂರಾಡುವ ಕುಡುಕನನ್ನು ಕಂಡು ಯಾರು ತಾನೇ ವಿಟಮಿನ್ ಕೊರತೆ ಎಂದುಕೊಳ್ಳುತ್ತಾರೆ? ಕುಡಿತ ಬಿಟ್ಟು ಮೂರು ದಿನವಾದರೂ ಗೋಡೆ ಹಿಡಿದು ನಡೆಯುವವನನ್ನು ನೋಡಿ ಮನೆಯವರು “ಇನ್ನೂ ಅಮಲು ಇಳಿದಿಲ್ಲ” ಎನ್ನುತ್ತಾರೆ. ಮುಂದಿನ ಹಂತವನ್ನು ರಷ್ಯಾದ ಸೆರ್ಗೆಯ್ ಕೊರ್ಸಕೋವ್ 1880ರ ದಶಕದ ಕೊನೆಯಲ್ಲಿ ವಿವರಿಸಿದ. ಅದರಲ್ಲಿ ಹೊಸದೇನೂ ನೆನಪಿನಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಏನು ತಿಂದಿರಿ ಎಂದು ಕೇಳಿದರೆ, ಏನೂ ತಿನ್ನದವನು ಇಡ್ಲಿ ತಿಂದೆ ಎಂದು ಅನುಮಾನವಿಲ್ಲದೆ ಹೇಳಬಲ್ಲ. ಅದು ಸುಳ್ಳಲ್ಲ, ನೆನಪಿನ ಖಾಲಿ ಜಾಗವನ್ನು ಮಿದುಳು ತಾನೇ ತುಂಬಿಕೊಳ್ಳುವ ರೀತಿ. ಆದ್ದರಿಂದ ಊಟದ ವಿಚಾರವನ್ನು ರೋಗಿಯನ್ನಷ್ಟೇ ಕೇಳಿ ಬಿಡಬಾರದು, ಅವನಿಗೆ ಬಡಿಸುವವರನ್ನು ಕೇಳಬೇಕು. 1997ರಲ್ಲಿ ಕೇನ್ ಮತ್ತು ಸಂಗಡಿಗರು ರೂಪಿಸಿದ ಮಾನದಂಡದಲ್ಲಿ ನಾಲ್ಕು ಅಂಶಗಳ ಪೈಕಿ ಎರಡಿದ್ದರೆ ರೋಗವನ್ನು ಶಂಕಿಸಬೇಕು. ಆ ನಾಲ್ಕರಲ್ಲಿ ಒಂದು ಆಹಾರದ ಕೊರತೆ.

ನಮ್ಮ ಕಡೆ ಇನ್ನೊಂದು ಅಪಾಯವಿದೆ. ಕುಡಿದು, ಊಟ ಬಿಟ್ಟು, ಸುಸ್ತಾಗಿ ಬಿದ್ದವನಿಗೆ “ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಸಿ” ಎಂದು ಮನೆಯವರೇ ಕೇಳುತ್ತಾರೆ. ಥಯಮಿನ್ ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರೂ ಖರ್ಚಾಗಿ ಕಾಯಿಲೆ ಭುಗಿಲೇಳಬಹುದು. ರಕ್ತದ ಸಕ್ಕರೆ ಕುಸಿದಿದ್ದರೆ ಗ್ಲೂಕೋಸನ್ನು ತಡಮಾಡುವಂತಿಲ್ಲ. ಜೊತೆಜೊತೆಗೇ ಥಯಮಿನ್ ಇಂಜೆಕ್ಷನ್ ಕೊಡಬೇಕು. ಮಾತ್ರೆ ಸಾಲದು. ಆರೋಗ್ಯವಂತರ ಕರುಳೇ 10 ಮಿಲಿಗ್ರಾಂ ನುಂಗಿದರೆ ಸುಮಾರು 4.5 ಮಿಲಿಗ್ರಾಂ ಹೀರುತ್ತದೆ, ಕುಡಿತದಿಂದ ಸೊರಗಿದವರ ಕರುಳು ಅದಕ್ಕಿಂತಲೂ ಬಹಳ ಕಡಿಮೆ. ಇಂಜೆಕ್ಷನ್ ದುಬಾರಿಯದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಕುಡಿತದ ಕಾರಣಕ್ಕೆ ದಾಖಲಾಗುವ ಪ್ರತಿಯೊಬ್ಬರಿಗೂ, ಲಕ್ಷಣಗಳಿಗೆ ಕಾಯದೆ, ಮೊದಲ ದಿನವೇ ಇದನ್ನು ಕೊಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಆಸ್ಪತ್ರೆಗೆ ಬಾರದವರ ಮಾತು ಬೇರೆ. ಆಸ್ಟ್ರೇಲಿಯಾ 1991ರಿಂದ ಬ್ರೆಡ್ಡಿನ ಹಿಟ್ಟಿಗೆ ಥಯಮಿನ್ ಬೆರೆಸುವುದನ್ನು ಕಡ್ಡಾಯ ಮಾಡಿತು. ಅನಂತರದ ಮರಣೋತ್ತರ ಅಧ್ಯಯನಗಳಲ್ಲಿ ಈ ಕಾಯಿಲೆ ಮೊದಲಿಗಿಂತ ಕಡಿಮೆ ಕಂಡುಬಂತು. ನಮ್ಮಲ್ಲಿ ಸಾರವರ್ಧಿತ ಅಕ್ಕಿಯ ಮಾನದಂಡದಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಕಡ್ಡಾಯ, ಥಯಮಿನ್ ಐಚ್ಛಿಕ. ಬಿಳಿ ಅಕ್ಕಿಯೇ ಮುಖ್ಯ ಆಹಾರವಾದ ಮನೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಐಚ್ಛಿಕವನ್ನು ಮರುಪರಿಶೀಲಿಸಲು ಸಾಕಷ್ಟು ಆಧಾರವಿದೆ.