ರೈಲ್ವೆ ನಡೆಸಿದ ಬಸ್ಸು, ರೈಲ್ವೆ ಹಾರಿಸಿದ ವಿಮಾನ: ಹೈದರಾಬಾದ್ ಸಂಸ್ಥಾನದ ಸಂಚಾರ ಚರಿತ್ರೆ

ವಾಹನಗಳ ಬಗ್ಗೆ ಸಾಕ್ಷ್ಯಚಿತ್ರ ಸರಣಿ ಮಾಡುವವರ ಬಳಿ ಒಂದು ಸಿದ್ಧ ಅಚ್ಚು ಇರುತ್ತದೆ. ರೈಲಿಗೆ ಒಂದು ಕಂತು, ಕಾರಿಗೆ ಒಂದು, ವಿಮಾನಕ್ಕೆ ಇನ್ನೊಂದು. ಹೈದರಾಬಾದಿನ ಕಥೆಯನ್ನು ಈ ಅಚ್ಚಿಗೆ ಹೊಯ್ದರೆ ಅದರಲ್ಲಿ ವಿಶೇಷವಾದದ್ದೇ ಸೋರಿಹೋಗುತ್ತದೆ. ಏಕೆಂದರೆ ಕೊನೆಯ ನಿಜಾಮರ ಕಾಲದಲ್ಲಿ ಈ ಸಂಸ್ಥಾನದಲ್ಲಿ ರೈಲು ಓಡಿಸಿದ ಇಲಾಖೆಯೇ ಬಸ್ಸನ್ನೂ ಓಡಿಸಿತು, ಮುಂದೆ ವಿಮಾನದ ವ್ಯವಹಾರಕ್ಕೂ ಕೈಹಾಕಿತು. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು: ಬೀದರ, ಗುಲ್ಬರ್ಗ, ರಾಯಚೂರು. ಈ ಚರಿತ್ರೆ ಶುರುವಾಗುವುದು ಹೈದರಾಬಾದ್ ನಗರದಲ್ಲಲ್ಲ, ಈ ಕನ್ನಡ ನೆಲದಲ್ಲಿ.

ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಎರಡು ಮಹಾನಗರಗಳನ್ನು ಜೋಡಿಸಿದ ಈ ದಾರಿ ಗುಲ್ಬರ್ಗ, ಶಹಾಬಾದ್, ವಾಡಿ, ಯಾದಗಿರಿಗಳನ್ನು ಹಾದುಹೋಯಿತು. ನಿಜಾಮರ ರಾಜಧಾನಿ ಮಾತ್ರ ದಾರಿಯಿಂದ ಬಹುದೂರ ಉಳಿಯಿತು. ಗುಲ್ಬರ್ಗದ ರೈತ ರೈಲು ನೋಡಿದ ಕಾಲಕ್ಕೆ ಹೈದರಾಬಾದಿನ ನವಾಬರು ಇನ್ನೂ ಕುದುರೆ ಸಾರೋಟಿನಲ್ಲಿದ್ದರು!

ಈ ಕೊರತೆ ನಿಜಾಮರಿಗಿಂತ ಹೆಚ್ಚಾಗಿ ಬ್ರಿಟಿಷರನ್ನು ಬಾಧಿಸಿತು. ಸಿಕಂದರಾಬಾದಿನ ದಂಡುಪ್ರದೇಶಕ್ಕೆ ಸೈನ್ಯವೂ ಸಾಮಾನೂ ಬೇಗ ಮುಟ್ಟಬೇಕಿತ್ತು. 1870ರಲ್ಲಿ ಒಪ್ಪಂದವಾಯಿತು, ದಿವಾನರಾಗಿದ್ದವರು ಮೊದಲನೇ ಸಾಲಾರ್ ಜಂಗ್. ವಾಡಿಯಿಂದ ಸಿಕಂದರಾಬಾದಿಗೆ ಸುಮಾರು 190 ಕಿಲೋಮೀಟರ್ ಬ್ರಾಡ್‌ಗೇಜ್ ಹಳಿ 1874ರ ಅಕ್ಟೋಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಹಣ ನಿಜಾಮರದು, ಗಾಡಿ ನಡೆಸಿದ್ದು ಮೊದಲಿಗೆ ಮುಂಬಯಿಯ ಕಂಪನಿ, ಅವಸರ ಬ್ರಿಟಿಷ್ ರೆಸಿಡೆನ್ಸಿಯದು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ಎಂದು ನಿಲ್ದಾಣಗಳ ಸಾಲು ಸಾಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಒಂದು ಸಣ್ಣ ಠೇಶನ್ನಿನ ಹಲಗೆಯ ಮೇಲೆ ‘ರೋಡ್’ ಎಂಬ ಬಾಲ ಹಚ್ಚಿಕೊಂಡು ನಿಂತಿರುವುದನ್ನು ಕಂಡಾಗಲೆಲ್ಲ ಕಸಿವಿಸಿಯಾಗುತ್ತದೆ. ಆದರೆ ಹಳಿ ಇಟ್ಟವರಿಗೆ ಬೇಕಿದ್ದದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷನಲ್ಲ. ಶಹಾಬಾದ್, ತಾಂಡೂರು ಸೀಮೆಯ ಫರ್ಸಿ ಕಲ್ಲು ದೂರದ ಪೇಟೆಗಳ ಮನೆಯಂಗಳ ಸೇರಿದ್ದು ಇದೇ ವ್ಯಾಗನ್ನುಗಳಲ್ಲಿ. ವಾಡಿ ಎಂಬ ಹಳ್ಳಿ ಜಂಕ್ಷನ್ ಆದದ್ದೂ ಹೀಗೆ.

1883ರಿಂದ ಕಥೆಗೆ ಲಂಡನ್ನಿನ ವಾಸನೆ ಹತ್ತುತ್ತದೆ. ಅಲ್ಲಿ ಹುಟ್ಟಿದ ಕಂಪನಿಯ ಹೆಸರು ನಿಜಾಂಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಹೆಸರಿನ ನಡುವಿನ ‘ಗ್ಯಾರಂಟಿ’ಯೇ ಇಲ್ಲಿ ಮುಖ್ಯ. ರೈಲಿನ ಆದಾಯ ಎಷ್ಟೇ ಕುಸಿದರೂ ಬಂಡವಾಳ ಹಾಕಿದವರಿಗೆ 20 ವರ್ಷ ಶೇಕಡಾ 5ರ ಬಡ್ಡಿಯನ್ನು ಸಂಸ್ಥಾನದ ಖಜಾನೆ ತುಂಬಿಕೊಡಬೇಕು. ಲಾಭವಾದರೆ ಪಾಲುದಾರರಿಗೆ, ನಷ್ಟವಾದರೆ ರೈತರ ಕಂದಾಯಕ್ಕೆ. ಆ ವರ್ಷದ ಫೆಬ್ರವರಿಯಲ್ಲಿ ಸಾಲಾರ್ ಜಂಗ್ ತೀರಿಕೊಂಡಿದ್ದರು. ವಾರಂಗಲ್ ಕಡೆಯಿಂದ ಚಾಂದಾದ ಕಲ್ಲಿದ್ದಲಿನತ್ತ ಹಳಿ ಚಾಚುವ ಯೋಜನೆ ಹೊರಬಿದ್ದಾಗ, ಕರಾರಿನ ಪತ್ರಗಳನ್ನು ಜನರ ಮುಂದಿಡಿ ಎಂದು ನಗರದಲ್ಲಿ ಕೂಗೆದ್ದಿತು. ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರು ಅಧ್ಯಾಪಕ ಅಘೋರನಾಥ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಂದೆ. 1883ರ ಮೇ ತಿಂಗಳಲ್ಲಿ ಅವರನ್ನು ಸಂಸ್ಥಾನದಿಂದ ಹೊರಹಾಕಲಾಯಿತು. ಹೈದರಾಬಾದಿನ ಆಧುನಿಕ ರಾಜಕೀಯ ಎಚ್ಚರವನ್ನು ಆರ್ಯಸಮಾಜದಿಂದಲೋ ಸ್ಟೇಟ್ ಕಾಂಗ್ರೆಸ್ಸಿನಿಂದಲೋ ಎಣಿಸುವುದು ರೂಢಿ. ಒಂದು ರೈಲು ಕರಾರಿನ ವಿರುದ್ಧದ ಈ ಚಳವಳಿಯಿಂದಲೇ ಎಣಿಸುವುದು ಹೆಚ್ಚು ಸರಿ ಎಂದು ನನ್ನ ಎಣಿಕೆ. ಜನರ ಸಂಶಯವೇನೂ ಸುಳ್ಳಾಗಿರಲಿಲ್ಲ. ಲಂಡನ್ನಿನಲ್ಲಿ ರೈಲ್ವೆ ವ್ಯವಹಾರ ಕುದುರಿಸಿದ ಅಧಿಕಾರಿ ಅಬ್ದುಲ್ ಹಕ್ ಗಣಿ ಪರವಾನಗಿಯ ಷೇರುಗಳಲ್ಲಿ ಸಿಕ್ಕಿಬಿದ್ದು, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೇ ಡೆಕ್ಕನ್ ಮೈನಿಂಗ್ ಕಂಪನಿಯ ಹಗರಣವನ್ನು ವಿಚಾರಿಸಬೇಕಾಯಿತು.

ಹಳಿ ಮಾತ್ರ ನಿಲ್ಲಲಿಲ್ಲ. 1889ಕ್ಕೆ ಬೆಜವಾಡ ಮುಟ್ಟಿತು, ಲಾಲಾಗುಡದಲ್ಲಿ 1893ರಲ್ಲಿ ಕಾರ್ಖಾನೆ ಎದ್ದಿತು, 1916ರಲ್ಲಿ ಕಾಚಿಗುಡ ನಿಲ್ದಾಣ ಬಂತು. 1930ರ ಏಪ್ರಿಲ್ 1ರಂದು ಏಳನೇ ನಿಜಾಂ ಮೀರ್ ಉಸ್ಮಾನ್ ಅಲಿ ಖಾನರ ಸರ್ಕಾರ ಕಂಪನಿಯಿಂದ ರೈಲ್ವೆಯನ್ನು ಕೊಂಡುಕೊಂಡಿತು. ವಿಕಾರಾಬಾದಿನಿಂದ ಬೀದರಕ್ಕೆ ಹಳಿ ಬಂದದ್ದೂ ಈ ಹೊತ್ತಿನಲ್ಲೇ. ನನ್ನ ಓದಿನಲ್ಲಿ 1874ಕ್ಕಿಂತ ದೊಡ್ಡ ತಿರುವು ಈ 1930ರದು. ಇಲ್ಲಿಂದ ಮುಂದೆ ರೈಲ್ವೆಯ ಲಾಭನಷ್ಟವೆಲ್ಲ ಸರ್ಕಾರದ್ದೇ. ಹಾಗಾಗಿ ರೈಲಿನ ಪ್ರಯಾಣಿಕನನ್ನು ಕಸಿಯುವ ಯಾವುದೇ ವಾಹನ ಸರ್ಕಾರದ ಜೇಬಿಗೇ ಕೈಹಾಕಿದಂತೆ.

ಆ ಕೈ ಆಗಲೇ ಬಂದಿತ್ತು. ಮೊದಲ ಮಹಾಯುದ್ಧದ ನಂತರ ದೇಶದ ತುಂಬ ಖಾಸಗಿ ಮೋಟಾರು ಬಸ್ಸುಗಳು ಹಳಿಯ ಪಕ್ಕದ ರಸ್ತೆಗಳಲ್ಲೇ ಓಡಾಡಿ ಹತ್ತಿರದ ಊರುಗಳ ಪ್ರಯಾಣಿಕರನ್ನು ಎತ್ತಿಕೊಳ್ಳುತ್ತಿದ್ದವು. ಬ್ರಿಟಿಷ್ ಇಂಡಿಯಾದಲ್ಲಿ ಇದರ ವಿಚಾರಣೆಗೆ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಅಧಿಕಾರಿಗಳನ್ನು ನೇಮಿಸಿ, 1933ರಲ್ಲಿ ಸಿಮ್ಲಾದಲ್ಲಿ ಸಮ್ಮೇಳನ ಕರೆದು, ರೈಲ್ವೆಗಳು ಬಸ್ಸು ಓಡಿಸಬಹುದೆಂದು ಆ ಬಳಿಕ ಕಾನೂನು ತಿದ್ದಿದರು. ಹೈದರಾಬಾದಿನಲ್ಲಿ ಸಮ್ಮೇಳನದ ಗೊಡವೆಯೇ ಇರಲಿಲ್ಲ. 1932ರ ಜೂನ್‌ನಲ್ಲಿ ನಿಜಾಂ ಸ್ಟೇಟ್ ರೈಲ್ವೆ ತನ್ನೊಳಗೇ ರಸ್ತೆ ಸಾರಿಗೆ ವಿಭಾಗ ತೆರೆಯಿತು: 27 ಬಸ್ಸು, 166 ನೌಕರರು. ಗಾಡಿಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದ ಆಲ್ಬಿಯನ್ ಕಂಪನಿಯವು. ಇಂದಿನ ತೆಲಂಗಾಣ, ಆಂಧ್ರದ ಸಾರಿಗೆ ಸಂಸ್ಥೆಗಳೆರಡೂ ತಮ್ಮ ವಂಶಾವಳಿಯನ್ನು ಈ 27 ಬಸ್ಸುಗಳಿಂದಲೇ ಎಣಿಸುತ್ತವೆ.

ಪ್ರಯಾಣಿಕ ಬಸ್ಸಿನ ರಾಷ್ಟ್ರೀಕರಣ ಭಾರತದಲ್ಲಿ ಮೊದಲು ಆದದ್ದು ಇಲ್ಲೇ ಎಂದು ಹೆಮ್ಮೆಯಿಂದ ಹೇಳುವುದುಂಟು. ಆ ಮಾತಿಗೆ ಒಂದು ತಿದ್ದುಪಡಿ ಬೇಕು. ಇದು ಸಮಾಜವಾದವಲ್ಲ, ಹಳಿಯ ಆದಾಯಕ್ಕೆ ಹಾಕಿದ ಬೇಲಿ. ರೈಲು ಮುಟ್ಟದ ಊರಿನಿಂದ ಠೇಶನ್ನಿಗೆ ಜನರನ್ನು ತಂದು ಬಿಡುವುದು ಬಸ್ಸಿನ ಕೆಲಸ. ರೈಲಿನ ಜೊತೆ ಪೈಪೋಟಿಗೆ ಇಳಿಯುವುದಲ್ಲ. ಪ್ರಯಾಣಿಕನಿಗೆ ಇದರಿಂದ ಅನುಕೂಲವೂ ಆಯಿತು. ಗಾಡಿ ತುಂಬುವವರೆಗೂ ಕಾಯಿಸುವ ಮೋಟಾರು ಮಾಲೀಕನ ಬದಲು ವೇಳಾಪಟ್ಟಿ ಇರುವ ಸರ್ಕಾರಿ ಬಸ್ಸು ಬಂತು. ಆದರೆ ಯಾವ ಊರಿಗೆ ಬಸ್ಸು, ಎಷ್ಟು ಹೊತ್ತಿಗೆ ಎಂಬುದನ್ನು ತೀರ್ಮಾನಿಸುವ ಮೇಜು ಸಿಕಂದರಾಬಾದಿನಲ್ಲೇ ಇತ್ತು.

ಹೈದರಾಬಾದಿನ ಸರ್ಕಾರಿ ಬಸ್ಸುಗಳ ನಂಬರ್ ಫಲಕದಲ್ಲಿ ‘ಝಡ್’ ಅಕ್ಷರ ಕಾಣುತ್ತದಲ್ಲ, ಅದು ಉಸ್ಮಾನ್ ಅಲಿ ಖಾನರ ತಾಯಿ ಜೆಹ್ರಾ ಬೇಗಂ ನೆನಪಿಗೆ ಇಟ್ಟದ್ದು ಎಂದು ಜನ ಹೇಳುತ್ತಾರೆ. ಕಥೆ ಚೆಂದವಿದೆ, ಬಸ್ಸು ಹತ್ತಿದವರೆಲ್ಲ ಅದನ್ನು ದಾಟಿಸುತ್ತ ಬಂದಿದ್ದಾರೆ. ಸರ್ಕಾರಿ ಗಾಡಿಗಳಿಗೆಂದೇ ಒಂದು ಅಕ್ಷರ ಮೀಸಲಿಡುವುದು ನೋಂದಣಿ ಕಚೇರಿಗಳ ಸಾಮಾನ್ಯ ಪದ್ಧತಿ; ಅದಕ್ಕೆ ಮಾತೃಭಕ್ತಿಯ ಕಾರಣ ಬೇಕೇ ಬೇಕೆಂದಿಲ್ಲ. ನಾನು ಇದನ್ನು ಜನಪದವೆಂದೇ ಓದುತ್ತೇನೆ.

ಕಾರುಗಳ ವಿಷಯಕ್ಕೆ ಬಂದರೆ ಸಾಕ್ಷ್ಯಚಿತ್ರದವರಿಗೆ ಹಬ್ಬ, ಚರಿತ್ರೆಕಾರನಿಗೆ ಅಷ್ಟೇನೂ ಇಲ್ಲ. ಆರನೇ ನಿಜಾಂ ಮೆಹಬೂಬ್ ಅಲಿ ಖಾನ್ ಒಂದು ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್‌ಗೆ ಬೇಡಿಕೆ ಸಲ್ಲಿಸಿದರು. 1911ರ ಆಗಸ್ಟ್‌ನಲ್ಲಿ ಅವರೇ ತೀರಿಕೊಂಡದ್ದರಿಂದ ಆ ಹಳದಿ ಬಣ್ಣದ ‘ಸಿಂಹಾಸನ ಕಾರು’ ಮಗನ ಪಾಲಾಯಿತು. ಅದು ಓಡಿದ್ದು ಕಡಮೆ, ನಿಂತಿದ್ದೇ ಹೆಚ್ಚು. ಈಗ ಚೌಮಹಲ್ಲಾ ಅರಮನೆಯಲ್ಲಿ ನೋಡಸಿಗುತ್ತದೆ. ನಿಜಾಮರು ರೋಲ್ಸ್ ರಾಯ್ಸ್‌ನಲ್ಲಿ ಕಸ ಸಾಗಿಸಿದರು ಎಂಬ ಕಥೆಯನ್ನು ದಯವಿಟ್ಟು ಯಾರೂ ಮತ್ತೆ ಚಿತ್ರೀಕರಿಸಬೇಡಿ. ಅದೇ ಕಥೆಯನ್ನು ಅಲ್ವರ್ ಅರಸರ ಮೇಲೂ ಪಟಿಯಾಲದವರ ಮೇಲೂ ಹೇಳುತ್ತಾರೆ. ಅರಸ ಬದಲಾಗುತ್ತಾನೆ, ಪೊರಕೆ ಅದೇ.

ವಿಮಾನದ ಕಥೆ ಇನ್ನೂ ವಿಚಿತ್ರ. ಹೈದರಾಬಾದಿನ ಹೆಸರು ಅದರ ನೆಲಕ್ಕಿಂತ ಮೊದಲೇ ಆಕಾಶ ಕಂಡಿತು. 1918ರಲ್ಲಿ ಬ್ರಿಟಿಷ್ ವಾಯುಪಡೆಯ 110ನೇ ಸ್ಕ್ವಾಡ್ರನ್ನಿಗೆ ವಿಮಾನಗಳನ್ನು ಕೊಡಿಸಿದವರು ನಿಜಾಂ. ಆ ತಂಡಕ್ಕೆ ‘ಹೈದರಾಬಾದ್’ ಎಂದೇ ಹೆಸರು, ಅದರ ಲಾಂಛನದಲ್ಲಿ ಹುಲಿ. ಎರಡನೇ ಯುದ್ಧದಲ್ಲಿ ಸ್ಪಿಟ್‌ಫೈರ್ ಹಾರಿಸಿದ 152ನೇ ಸ್ಕ್ವಾಡ್ರನ್ನಿಗೂ ಇದೇ ಹೆಸರು, ಲಾಂಛನದಲ್ಲಿ ನಿಜಾಮರ ಪೇಟ. ಇತ್ತ 1932ರ ಅಕ್ಟೋಬರ್ 15ರಂದು ಟಾಟಾ ಅವರ ಅಂಚೆ ವಿಮಾನ ಕರಾಚಿಯಿಂದ ಹೊರಟಾಗ, ಮುಂಬಯಿಯಿಂದ ಮದರಾಸಿನ ದಾರಿಯಲ್ಲಿ ಅದು ಇಳಿದದ್ದು ಬಳ್ಳಾರಿಯಲ್ಲಿ. ರೈಲಿನಂತೆ ಅಂಚೆಯ ವಿಮಾನವೂ ಮೊದಲು ಕನ್ನಡದ ಊರನ್ನು ಮುಟ್ಟಿ, ನಿಜಾಮರ ರಾಜಧಾನಿಯನ್ನು ಬದಿಗಿಟ್ಟಿತು. ಬೇಗಂಪೇಟೆಯ ವಿಮಾನ ನಿಲ್ದಾಣ ರೂಪುಗೊಂಡದ್ದು ಆ ದಶಕದಲ್ಲಿ.

1945ರಲ್ಲಿ ನಿಜಾಂ ಸರ್ಕಾರ ತನ್ನ ರೈಲ್ವೆಯ ಮೂಲಕ ಟಾಟಾ ಅವರ ಜೊತೆ ಸೇರಿ ಡೆಕ್ಕನ್ ಏರ್‌ವೇಸ್ ಕಟ್ಟಿತು. ಹೆಚ್ಚಿನ ಪಾಲು ಸಂಸ್ಥಾನದ್ದು. ಯುದ್ಧ ಮುಗಿದು ಅಗ್ಗಕ್ಕೆ ಸಿಕ್ಕ ಡಕೋಟಾಗಳು 1946ರಿಂದ ಮದರಾಸು, ದೆಹಲಿ, ಬೆಂಗಳೂರುಗಳತ್ತ ಹಾರಿದವು. (2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಆರಂಭಿಸಿದ ಏರ್ ಡೆಕ್ಕನ್ ಬೇರೆ, ಹೆಸರು ಕೇಳಿ ಎರಡನ್ನೂ ಬೆರೆಸುವವರಿದ್ದಾರೆ.) ದೇಶದ ಮೊದಲ ಮಹಿಳಾ ವಾಣಿಜ್ಯ ಪೈಲಟ್ ಪ್ರೇಮ್ ಮಾಥುರ್ ಅವರನ್ನು ಬೇರೆ ಕಂಪನಿಗಳು ಹೆಣ್ಣೆಂಬ ಕಾರಣಕ್ಕೆ ಹಿಂದಕ್ಕೆ ಕಳಿಸಿದಾಗ ಕೆಲಸ ಕೊಟ್ಟದ್ದು ಡೆಕ್ಕನ್ ಏರ್‌ವೇಸ್. ಅವರು ಹಾರಿದ್ದು ಸಹ ಪೈಲಟ್ ಆಗಿ. ವಿಮಾನದ ಪೂರ್ಣ ಹೊಣೆ ಅಲ್ಲಿ ಅವರ ಕೈಗೆ ಬರಲಿಲ್ಲ. 1949ರ ರಾಷ್ಟ್ರೀಯ ವಿಮಾನ ಓಟವನ್ನು ಗೆದ್ದವರು ಇವರೇ.

ಈ ವಿಮಾನಗಳಿಗೆ ಬೀದರ, ಗುಲ್ಬರ್ಗ, ರಾಯಚೂರು ಕೆಳಗೆ ಕಾಣುವ ಊರುಗಳಷ್ಟೇ. ಬೀದರದ ಬಯಲಿಗೆ ಇಳಿದ ವಿಮಾನಗಳು ಬೇರೆ ಬಗೆಯವು. 1948ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರೋರಾತ್ರಿ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ನಿಜಾಮರಿಗಾಗಿ ಬಂದೂಕು, ಮದ್ದುಗುಂಡು ತುಂಬಿ ತಂದು ಇಳಿಸಿದ್ದು ಬೀದರ ಮತ್ತು ವಾರಂಗಲ್ಲಿನ ನೆಲೆಗಳಲ್ಲಿ. ಆ ಶಸ್ತ್ರಗಳಿಂದ ಹೆಚ್ಚೇನೂ ಆಗಲಿಲ್ಲ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಸೆಪ್ಟೆಂಬರ್ 13ರಂದು ಶುರುವಾದ ಪೊಲೀಸ್ ಕಾರ್ಯಾಚರಣೆ 17ಕ್ಕೆ ಮುಗಿಯಿತು. ಕಾಟನ್‌ಗೆ ಲಂಡನ್ನಿನ ನ್ಯಾಯಾಲಯ ದಂಡ ಹಾಕಿತು.

ಅನಂತರ ಮೂರು ಕವಲೂ ಬೇರೆಬೇರೆಯಾದವು. 1951ರ ನವೆಂಬರ್ 1ರಂದು ಬಸ್ಸುಗಳು ರೈಲ್ವೆಯಿಂದ ರಾಜ್ಯ ಸರ್ಕಾರಕ್ಕೆ ಹೋದವು. ಅದೇ ತಿಂಗಳ 5ರಂದು ರೈಲು ಹೊಸ ಸೆಂಟ್ರಲ್ ರೈಲ್ವೆಯಲ್ಲಿ ಕರಗಿತು. 1953ರ ಆಗಸ್ಟ್ 1ರಂದು ಡೆಕ್ಕನ್ ಏರ್‌ವೇಸ್ ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ನಿಗೆ ಸೇರಿತು. ಎರಡು ವರ್ಷ ತುಂಬುವ ಮೊದಲೇ ಎಲ್ಲ ಮುಗಿದಿತ್ತು. 1956ರ ನವೆಂಬರ್ 1ರಂದು ಮೂರು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು.

ರಾಜ್ಯ ಬದಲಾದರೂ ನಕ್ಷೆ ಬದಲಾಗಲಿಲ್ಲ. ಒಂದೇ ಇಲಾಖೆ ಎಲ್ಲವನ್ನೂ ನಡೆಸಿದ್ದರ ಗುಣವೂ ದೋಷವೂ ಈ ನಕ್ಷೆಯಲ್ಲೇ ಇದೆ: ಪ್ರತಿ ಜಿಲ್ಲೆಯಿಂದ ಹೈದರಾಬಾದಿಗೆ ದಾರಿ, ಜಿಲ್ಲೆಯಿಂದ ಜಿಲ್ಲೆಗೆ ನೇರ ದಾರಿ ಅಪರೂಪ. ಬೀದರದವನು ರೈಲಿನಲ್ಲಿ ಗುಲ್ಬರ್ಗಕ್ಕೆ, ಅಂದರೆ ಇಂದಿನ ಕಲಬುರಗಿಗೆ, ಬರಬೇಕಾದರೆ ಮೊದಲು ವಿಕಾರಾಬಾದಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ವಾಡಿಯ ಮೇಲೆ ಸುತ್ತಿ ಬರಬೇಕಿತ್ತು. ಒಂದು ಕಾಲಕ್ಕೆ ಒಂದೇ ಸಂಸ್ಥಾನದಲ್ಲಿದ್ದ, ಆಮೇಲೆ ಒಂದೇ ರಾಜ್ಯಕ್ಕೆ ಸೇರಿದ ಈ ಎರಡು ಊರುಗಳ ನಡುವಿನ 110 ಕಿಲೋಮೀಟರ್ ನೇರ ಹಳಿ ಸಂಚಾರಕ್ಕೆ ತೆರೆದದ್ದು 2017ರ ಅಕ್ಟೋಬರ್ 29ರಂದು, ವಾಡಿಯಿಂದ ಮೊದಲ ಗಾಡಿ ಸಿಕಂದರಾಬಾದಿಗೆ ಹೊರಟ 143 ವರ್ಷಗಳ ಮೇಲೆ.